ತುರಿಕೆ ಒಬ್ಬನಿಗೆ, ಮುಲಾಮು ಮನೆಮಂದಿಗೆಲ್ಲ

ಕಜ್ಜಿಗೆ ಔಷಧಿ ಇದೆ, ಒಳ್ಳೆಯ ಔಷಧಿಯೇ ಇದೆ. ಪರ್ಮೆಥ್ರಿನ್ ಅನ್ನುವ ಮುಲಾಮು, ಶೇಕಡಾ 5ರದ್ದು, ಬೆಂಗಳೂರಿನ ಯಾವ ಬಡಾವಣೆಯ ಮೆಡಿಕಲ್ ಸ್ಟೋರಿನಲ್ಲಾದರೂ ಸಿಗುತ್ತದೆ. ರಾತ್ರಿ ಹಚ್ಚಿಕೊಂಡು ಮಲಗಬೇಕು, ಬೆಳಿಗ್ಗೆ ಸ್ನಾನ ಮಾಡಬೇಕು, ವಾರ ಬಿಟ್ಟು ಇನ್ನೊಂದು ಸಲ ಹಚ್ಚಬೇಕು. ಇಷ್ಟು ಸುಲಭದಲ್ಲಿ ಹೋಗುವ ಕಾಯಿಲೆ ನಮ್ಮೂರಿನ ಪಿಜಿಗಳಲ್ಲಿ, ಹಾಸ್ಟೆಲ್ಲುಗಳಲ್ಲಿ, ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಬಾಡಿಗೆ ಮನೆಗಳಲ್ಲಿ ತಿಂಗಳುಗಟ್ಟಲೆ ಯಾಕೆ ಸುತ್ತುತ್ತಲೇ ಇರುತ್ತದೆ? ನಮ್ಮ ಮನೆಗೂ ಅದು ಬಂದು ಹೋದ ಮೇಲೆ ನನಗೆ ಅದರ ಕಾರಣ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದನ್ನು ಬರೆಯಲೇಬೇಕು ಅನ್ನಿಸಿದ್ದರಿಂದ ಈ ಬರಹ.

ಬಂದದ್ದು ನನ್ನ ಅಕ್ಕನ ಮಗ ಸುಮಂತನ ಜೊತೆಗೆ. ಅವನು ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿದ್ದಾನೆ, ಕೋಣೆಗೆ ನಾಲ್ಕು ಜನ. ಶನಿವಾರ ಭಾನುವಾರ ವಿಜಯನಗರದ ನಮ್ಮ ಮನೆಗೆ ಬಂದು ಊಟ ಮಾಡಿ, ನನ್ನ ಮಗಳ ಜೊತೆ ಆಡಿ, ಅವಳ ಪಕ್ಕದಲ್ಲೇ ಹಾಸಿಕೊಂಡು ಮಲಗಿ ಹೋಗುವುದು ರೂಢಿ. ಹೋದ ಚಳಿಗಾಲದಲ್ಲಿ ಅವನಿಗೆ ರಾತ್ರಿ ಹೊತ್ತು ತುರಿಕೆ ಶುರುವಾಯಿತು. ಹಗಲು ಅಷ್ಟಾಗಿ ಇಲ್ಲ. ಹೊದ್ದು ಮಲಗಿ ಮೈ ಬೆಚ್ಚಗಾಗುತ್ತಿದ್ದ ಹಾಗೆ ಬೆರಳ ಸಂದಿ, ಮಣಿಕಟ್ಟು, ಹೊಟ್ಟೆಯ ಸುತ್ತ, ತೊಡೆಯ ಸಂದಿಯಲ್ಲಿ ತಡೆಯಲಾರದ ನವೆ. ಪಿಜಿಯಲ್ಲಿ ಎಲ್ಲರೂ ಹೇಳಿದ್ದು ಟ್ಯಾಂಕರ್ ನೀರಿನ ದೋಷ ಅಂತ. ನಮ್ಮ ಅತ್ತೆ ಬದನೆಕಾಯಿ ನಂಜು ಅಂದರು. ಅಕ್ಕ ಫೋನಿನಲ್ಲಿ ಉಷ್ಣ ಅಂದಳು, ಎಳನೀರು ಕುಡಿ ಅಂದಳು. ಇವೆಲ್ಲ ನಾವು ಯಾವ ತುರಿಕೆಗೂ ಹೇಳುವ ಮಾತುಗಳು. ಬೆಂಗಳೂರಿನ ಒಣ ಚಳಿಗೆ, ಗಡಸು ಬೋರ್‌ವೆಲ್ ನೀರಿಗೆ ಮೈ ಕೆರೆಯುವುದು ಹೊಸದೂ ಅಲ್ಲವಲ್ಲ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಅವನು ಹತ್ತಿರದ ಒಂದು ಮೆಡಿಕಲ್ ಸ್ಟೋರಿಗೆ ಹೋಗಿ ತುರಿಕೆಗೆ ಏನಾದರೂ ಕೊಡಿ ಅಂದಿದ್ದಾನೆ. ಒಂದು ಟ್ಯೂಬ್ ಕೊಟ್ಟಿದ್ದಾರೆ. ಚೀಟಿ ಕೇಳಿಲ್ಲ, ಎಲ್ಲಿ ತುರಿಕೆ, ಎಷ್ಟು ದಿನದಿಂದ ಅಂತಲೂ ಕೇಳಿಲ್ಲ. ಹಚ್ಚಿದ ದಿನವೇ ಹಾಯ್ ಅನ್ನಿಸಿತಂತೆ, ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತಂತೆ. ಆಮೇಲೆ ತುರಿಕೆ ಮೊದಲಿಗಿಂತ ಹೆಚ್ಚಾಗಿ ತಿರುಗಿ ಬಂತು. ಮತ್ತೆ ಅದೇ ಟ್ಯೂಬ್.

ಆ ಟ್ಯೂಬಿನ ಮೇಲಿನ ಹೆಸರುಗಳನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ. ಕ್ಲೋಬೆಟಾಸಾಲ್ ಒಂದು, ಜೊತೆಗೆ ಬ್ಯಾಕ್ಟೀರಿಯಾಕ್ಕೆ ಒಂದು, ಫಂಗಸ್ಸಿಗೆ ಒಂದು. ಏನೇ ಆಗಿದ್ದರೂ ಒಂದರಲ್ಲಿ ವಾಸಿಯಾಗಲಿ ಅನ್ನುವ ಮಿಶ್ರಣ. ಕ್ಲೋಬೆಟಾಸಾಲ್ ಅಂದರೆ ಮೈಗೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಪ್ರಬಲವಾದದ್ದು. ಅದು ಕೆಂಪನ್ನು, ಊತವನ್ನು, ನವೆಯನ್ನು ಅಡಗಿಸುತ್ತದೆ. ಕಜ್ಜಿಗೆ ಕಾರಣವಾದ ನುಸಿಗೆ ಏನೂ ಮಾಡುವುದಿಲ್ಲ. ಚರ್ಮದ ಪ್ರತಿರೋಧ ತಗ್ಗುವುದರಿಂದ ನುಸಿಗೆ ಅನುಕೂಲವೇ ಆಗುತ್ತದೆ. ಗುಳ್ಳೆಗಳ ಚಹರೆಯೂ ಬದಲಾಗಿ, ಆಮೇಲೆ ನೋಡುವ ಡಾಕ್ಟರಿಗೂ ಗುರುತು ಹತ್ತುವುದು ಕಷ್ಟವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು ಅಂತ ನಿಯಮ ಬಿಗಿ ಮಾಡಿತು. ಚರ್ಮದ ಡಾಕ್ಟರುಗಳು ಅದಕ್ಕಾಗಿ ವರ್ಷಗಟ್ಟಲೆ ಕೂಗಿಕೊಂಡಿದ್ದರು. ಇವತ್ತಿಗೂ ಯಾವುದೇ ಸಂಜೆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಆ ನಿಯಮದ ಗತಿ ಏನು ಅಂತ ತಿಳಿಯುತ್ತದೆ. ನನಗೆ ಇದರಲ್ಲಿ ಅಂಗಡಿಯವರ ಮೇಲಷ್ಟೇ ಸಿಟ್ಟಿಲ್ಲ. ತುರಿಕೆ ಅಂತ ಒಂದು ದಿನ ರಜೆ ಹಾಕಿ ಡಾಕ್ಟರ ಹತ್ತಿರ ಹೋಗುವುದು ಅತಿಯಾಯಿತು ಅಂತ ನಮಗೆಲ್ಲ ಅನ್ನಿಸುತ್ತದೆ. ಆ ಅನ್ನಿಸಿಕೆಯ ಮೇಲೂ ಸಿಟ್ಟಿದೆ.

ನನ್ನ ಮಗಳ ಅಂಗೈಯಲ್ಲೂ ಮಣಿಕಟ್ಟಿನಲ್ಲೂ ಸಣ್ಣ ಗುಳ್ಳೆಗಳು ಎದ್ದು, ಅವಳು ರಾತ್ರಿ ನಿದ್ದೆಯಲ್ಲೇ ಪರಪರ ಕೆರೆದುಕೊಳ್ಳತೊಡಗಿದಾಗ ಇಬ್ಬರನ್ನೂ ಕರೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಸುಮಂತನ ಮುಖ ನೋಡುವ ಮೊದಲೇ ಕೈ ನೋಡಿದರು. ಬೆರಳುಗಳನ್ನು ಅಗಲಿಸಿ, ನಡುವಿನ ಚರ್ಮವನ್ನು ದೀಪದ ಕೆಳಗೆ ಹಿಡಿದರು. ಅಲ್ಲಿ ನಾಲ್ಕೈದು ಮಿಲಿಮೀಟರ್ ಉದ್ದದ, ಬೂದು ಬಣ್ಣದ, ಸ್ವಲ್ಪ ಅಂಕುಡೊಂಕಾದ ಒಂದು ಗೆರೆ. ನಾನು ನೋಡಿದ್ದರೂ ಉಗುರು ತಾಗಿದ ಗೀರು ಅಂದುಕೊಳ್ಳುತ್ತಿದ್ದೆ. ಡಾಕ್ಟರು ದೀಪವಿರುವ ಭೂತಗನ್ನಡಿಯೊಂದನ್ನು ಅದರ ಮೇಲಿಟ್ಟು, ಫೋನಿಗೆ ಜೋಡಿಸಿ ನಮಗೂ ತೋರಿಸಿದರು. ಗೆರೆಯ ಒಂದು ತುದಿಯಲ್ಲಿ ಕಂದು ಬಣ್ಣದ ಪುಟ್ಟ ತ್ರಿಕೋನ. "ಅದೇ ನೋಡಿಮ್ಮ, ಅದರ ತಲೆ ಮತ್ತು ಮುಂದಿನ ಕಾಲು. ಹಿಂದೆ ಕಾಣ್ತಿರೋದು ಅದು ಕೊರೆದುಕೊಂಡು ಬಂದ ದಾರಿ. ಆ ದಾರೀಲೇ ಮೊಟ್ಟೆ ಇಡ್ತಾ ಹೋಗಿರುತ್ತೆ." ಸುಮಂತ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡ.

ತೆಂಗಿನ ತೋಟ ಇದ್ದವರಿಗೆ ನುಸಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಇದೂ ನುಸಿಯೇ, ಮನುಷ್ಯರ ಚರ್ಮದಲ್ಲಿ ಬದುಕುವ ಜಾತಿ. ಜೇಡ, ಉಣ್ಣಿಗಳ ಬಳಗದ್ದು, ಎಂಟು ಕಾಲು. ಹೆಣ್ಣು ನುಸಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದೊಡ್ಡದು. ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತ ಒಂದೆರಡು ತಿಂಗಳು ಬದುಕುತ್ತದೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆ ಒಡೆದು ಮರಿಯಾಗುತ್ತದೆ, ಎರಡು ವಾರದೊಳಗೆ ಆ ಮರಿ ಬೆಳೆದು ನಿಲ್ಲುತ್ತದೆ. ಇಟಲಿಯ ಜೊವಾನ್ನಿ ಕೊಸಿಮೊ ಬೊನೊಮೊ ಅನ್ನುವ ವೈದ್ಯ 1687ರಲ್ಲೇ ಸೂಕ್ಷ್ಮದರ್ಶಕದಲ್ಲಿ ಈ ನುಸಿಯನ್ನು ನೋಡಿ, ಕಜ್ಜಿಗೆ ಕಾರಣ ಇದೇ ಅಂತ ಬರೆದಿದ್ದ. ರಕ್ತ ಕೆಟ್ಟಿದೆ, ಮೈಯ ದೋಷ ಹೊರಗೆ ಬರುತ್ತಿದೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಮುನ್ನೂರು ವರ್ಷದ ಮೇಲಾಯಿತು. ಇವತ್ತಿಗೂ ನಮ್ಮ ಬೀದಿಯಲ್ಲಿ ಕಜ್ಜಿ ಆದವರಿಗೆ ರಕ್ತ ಶುದ್ಧಿಯ ಟಾನಿಕ್ ಕುಡಿಯಿರಿ ಅನ್ನುವವರು ಸಿಗುತ್ತಾರೆ.

ಡಾಕ್ಟರು ಹೇಳಿದ ಮಾತುಗಳಲ್ಲಿ ನನ್ನನ್ನು ಬೆಚ್ಚಿಬೀಳಿಸಿದವು ಎರಡು. ಒಂದು, ಸಾಮಾನ್ಯವಾಗಿ ಒಬ್ಬ ರೋಗಿಯ ಮೈಮೇಲೆ ಒಟ್ಟು ಇರುವುದು ಹತ್ತು ಹದಿನೈದು ನುಸಿ ಮಾತ್ರ. ಮೈಯೆಲ್ಲ ಕೆರೆಯುವುದು ಅವು ಮೈಯೆಲ್ಲ ಓಡಾಡುವುದರಿಂದ ಅಲ್ಲ. ಅವುಗಳ ಮೊಟ್ಟೆ, ಹಿಕ್ಕೆಗಳಿಗೆ ನಮ್ಮ ಮೈ ತೋರಿಸುವ ಅಲರ್ಜಿಯಿಂದ. ಎರಡನೆಯದು ಇದಕ್ಕಿಂತ ಮುಖ್ಯ. ಮೊದಲ ಸಲ ನುಸಿ ಹತ್ತಿದಾಗ ಆ ಅಲರ್ಜಿ ಎದ್ದು ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಆ ಮನುಷ್ಯ ಆರಾಮಾಗಿರುತ್ತಾನೆ, ನಿದ್ದೆ ಮಾಡುತ್ತಾನೆ, ಪಕ್ಕದಲ್ಲಿ ಮಲಗಿದವರಿಗೆ ಅದನ್ನು ಹಂಚುತ್ತಲೂ ಇರುತ್ತಾನೆ. ಅದಕ್ಕೇ ಚೀಟಿ ಬರೆಯುವಾಗ ಡಾಕ್ಟರು ಕೇಳಿದ್ದು, "ಮನೇಲಿ ಎಷ್ಟು ಜನ?" ಅಂತ. ನಾನು ತುರಿಕೆ ಇರೋದು ಇವರಿಬ್ಬರಿಗೇ ಅಂದೆ. "ತುರಿಕೆ ಎಷ್ಟು ಜನಕ್ಕಿದೆ ಅಂತ ಕೇಳಲಿಲ್ಲಮ್ಮ, ಮನೇಲಿ ಎಷ್ಟು ಜನ ಅಂತ ಕೇಳಿದೆ" ಅಂದರು.

ಎಲ್ಲರೂ, ಒಂದೇ ರಾತ್ರಿ. ಈ ಕಾಯಿಲೆಯ ಚಿಕಿತ್ಸೆಯ ಗುಟ್ಟೆಲ್ಲ ಇಲ್ಲಿದೆ. ಒಬ್ಬ ಇವತ್ತು ಹಚ್ಚಿ, ಇನ್ನೊಬ್ಬ ಮುಂದಿನ ವಾರ ಹಚ್ಚಿ, ಮೂರನೆಯವರು ನನಗೇನೂ ಆಗಿಲ್ಲ ಅಂತ ಬಿಟ್ಟರೆ, ನುಸಿ ಒಬ್ಬರಿಂದೊಬ್ಬರಿಗೆ ಸರಿಯುತ್ತ ಮನೆಯಲ್ಲೇ ಉಳಿಯುತ್ತದೆ. ಒಂದು ಸಲ ವಾಸಿಯಾದವರಿಗೆ ಮತ್ತೆ ಹತ್ತಿದರೆ ಈ ಸಲ ಆರು ವಾರ ಕಾಯುವುದಿಲ್ಲ, ಒಂದೆರಡು ದಿನದಲ್ಲೇ ತುರಿಕೆ ಏಳುತ್ತದೆ. ಆಗ ಎಲ್ಲರೂ ಬೈಯುವುದು ಮುಲಾಮನ್ನು: ಹಚ್ಚಿದೆ, ಏನೂ ಪ್ರಯೋಜನ ಆಗಲಿಲ್ಲ ಅಂತ.

ಆ ಮುಲಾಮಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅದರ ಮೂಲ ತಿಳಿದು ನನಗೆ ಬಹಳ ಖುಷಿಯಾಯಿತು. ಸೇವಂತಿಗೆಯ ಹತ್ತಿರದ ಬಂಧುವಾದ ಒಂದು ಬಿಳಿ ಹೂವಿದೆ, ಪೈರೆಥ್ರಮ್ ಅಂತ. ಅದನ್ನು ಒಣಗಿಸಿ ಪುಡಿ ಮಾಡಿ ಹುಳುಹುಪ್ಪಟೆಗಳನ್ನು ಕೊಲ್ಲಲು ಬಳಸುವುದು ಹಳೆಯ ಕ್ರಮ. ಹೂವಿನ ಆ ಗುಣ ಬಿಸಿಲಿಗೆ ಬೇಗ ಕೆಟ್ಟುಹೋಗುತ್ತಿತ್ತು. 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಬಿಸಿಲಿಗೆ ಜಗ್ಗದ ಒಂದು ರೂಪವನ್ನು ಪ್ರಯೋಗಾಲಯದಲ್ಲಿ ಮಾಡಿದರು. ಅದೇ ಪರ್ಮೆಥ್ರಿನ್. ನಾವು ಸಂಜೆ ಗೋಡೆಗೆ ಸಿಕ್ಕಿಸುವ ಸೊಳ್ಳೆ ಔಷಧಿಗಳಲ್ಲಿರುವುದೂ ಇದೇ ವಂಶದ ರಾಸಾಯನಿಕಗಳೇ. ನುಸಿಯ ನರಗಳು ಹಿಡಿತ ತಪ್ಪಿ ಅದು ಸಾಯುತ್ತದೆ. ಮನುಷ್ಯರ ಮೈಗೆ ಚರ್ಮದ ಮೂಲಕ ಇಳಿಯುವುದು ಬಹಳ ಕಡಿಮೆ, ಇಳಿದದ್ದನ್ನೂ ಮೈ ಬೇಗ ಒಡೆದು ಹೊರಹಾಕುತ್ತದೆ. ಎರಡು ತಿಂಗಳು ದಾಟಿದ ಕೂಸಿಗೂ ಡಾಕ್ಟರು ಇದನ್ನು ಬರೆಯುವುದು ಅದಕ್ಕೇ. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಗಂಧಕದ ಮುಲಾಮು. ನಮ್ಮಜ್ಜಿ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದದ್ದು ನನಗೆ ನೆನಪಿದೆ. ಆ ವಾಸನೆ ಮೂರು ದಿನ ಹೋಗುತ್ತಿರಲಿಲ್ಲ. ಅಜ್ಜಿ ಸರಿಯಾದ ದಾರಿಯಲ್ಲೇ ಇದ್ದಳು. ಅಳತೆ ಸರಿಯಾಗಿದ್ದರೆ ಗಂಧಕ ನಿಜಕ್ಕೂ ನುಸಿಯನ್ನು ಕೊಲ್ಲುತ್ತದೆ.

ಈಗ ಹಚ್ಚುವ ರಾತ್ರಿಯ ವಿಷಯ. ಇದನ್ನು ಬಿಡಿಸಿ ಬರೆಯುತ್ತೇನೆ. ಚೀಟಿಯಲ್ಲಿ "ಕುತ್ತಿಗೆಯಿಂದ ಕೆಳಗೆ ಹಚ್ಚಿ" ಅಂತ ಒಂದು ಸಾಲು ಇರುತ್ತದೆ, ಆ ಒಂದು ಸಾಲನ್ನು ನಾವು ನಮಗೆ ಬೇಕಾದ ಹಾಗೆ ಓದಿಕೊಳ್ಳುತ್ತೇವೆ. ತುರಿಸುವ ಕಡೆ ಹಚ್ಚುವುದು ಸಹಜ. ಈ ಮುಲಾಮು ತುರಿಕೆಗೆ ಅಲ್ಲವೇ ಅಲ್ಲ, ನುಸಿಗೆ. ನುಸಿ ತುರಿಸದ ಕಡೆಯೂ ಇರುತ್ತದೆ.

ಅತ್ತೆ ಮೊದಲು ಒಪ್ಪಲಿಲ್ಲ. "ನನಗೆ ಒಂದು ಗುಳ್ಳೆ ಇಲ್ಲ, ಈ ವಯಸ್ಸಲ್ಲಿ ನನಗ್ಯಾಕೆ ಕಜ್ಜಿ ಔಷಧಿ?" ಅಂತ ಮುಖ ತಿರುಗಿಸಿ ಕೂತರು. ಕಜ್ಜಿ ಅನ್ನುವ ಮಾತು ಬಾಯಿಗೆ ಬರುವಾಗಲೇ ಅವರಿಗೆ ಅವಮಾನ. ನಾನು ಹೇಳಿದೆ, ಯುಗಾದಿ ದಿನ ಎಣ್ಣೆ ಹಚ್ಚೋ ಹಾಗೆ ಅಂದುಕೊಳ್ಳಿ ಅತ್ತೆ, ಉಗುರಿನ ತುದಿಯೂ ಬಿಡಬಾರದು, ಅಷ್ಟೇ. ಆ ಮಾತು ಅವರಿಗೆ ಹಿಡಿಸಿತು. ಅಭ್ಯಂಜನ ಅವರಿಗೆ ಬಂದಷ್ಟು ಚೆನ್ನಾಗಿ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಆಮೇಲೆ ಇಡೀ ಮನೆಗೆ ಅವರೇ ಮೇಸ್ತ್ರಿ.

ಬಿಸಿನೀರಿನ ಸ್ನಾನ ಆದ ಕೂಡಲೇ ಹಚ್ಚಬಾರದು, ಮೈ ಒರೆಸಿಕೊಂಡು ತಣ್ಣಗಾಗುವವರೆಗೆ ಕಾಯಬೇಕು. ಉಗುರು ಕತ್ತರಿಸಬೇಕು, ಯಾಕೆಂದರೆ ಕೆರೆಯುವ ಕೈಯ ಉಗುರಿನ ಸಂದಿಯಲ್ಲೂ ನುಸಿ ಇರುತ್ತದೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮುಲಾಮು ತುರುಕಬೇಕು. ಬೆರಳ ಸಂದಿ, ಕಾಲ್ಬೆರಳ ಸಂದಿ, ಅಂಗಾಲು, ಕಂಕುಳು, ಹೊಕ್ಕುಳ ಒಳಗೆ, ಸ್ತನದ ಕೆಳಗೆ, ಪೃಷ್ಠದ ಸಂದಿ, ಗುಪ್ತಾಂಗದ ಸುತ್ತ. ಹೆಸರು ಹೇಳಲು ಸಂಕೋಚ ಆಗುವ ಜಾಗಗಳೇ ನುಸಿಗೆ ಇಷ್ಟವಾದ ಜಾಗಗಳು, ಹಾಗಾಗಿ ಹೆಸರು ಹಿಡಿದೇ ಬರೆದಿದ್ದೇನೆ. ಅತ್ತೆ ತಮ್ಮ ಬಳೆ ತೆಗೆದಿಟ್ಟು ಮಣಿಕಟ್ಟಿಗೆ ಹಚ್ಚಿಕೊಂಡರು, ನನ್ನ ಉಂಗುರವನ್ನೂ ಬಿಚ್ಚಿಸಿದರು. ನಮ್ಮನೆಯವರ ಉಡುದಾರ ಕಂಡು "ಅದನ್ನ ಕಿತ್ತು ಹಾಕು, ಅದರ ಕೆಳಗೆ ಹಚ್ಚು, ನಾಳೆ ಹೊಸದು ಕಟ್ಟಿಕೋ" ಅಂದರು. ಸುಮಂತನ ಸೊಂಟದ ಸುತ್ತ ಉಡುದಾರದ ಗೆರೆಗುಂಟ ಗುಳ್ಳೆಗಳು ಸಾಲಾಗಿ ಎದ್ದಿದ್ದನ್ನು ನಾವು ನೋಡಿಯೇ ಇದ್ದೆವು. ಬೆನ್ನಿಗೆ ಇನ್ನೊಬ್ಬರ ಕೈ ಬೇಕೇ ಬೇಕು. ಪಿಜಿಯಲ್ಲಿ ಒಬ್ಬನೇ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಗುಟ್ಟಾಗಿ ಹಚ್ಚುವ ಹುಡುಗನ ಬೆನ್ನಿನ ನಡುಭಾಗ ಪ್ರತಿ ಸಲವೂ ಬಿಟ್ಟುಹೋಗುತ್ತದೆ.

ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ಒಂದೇ ಟ್ಯೂಬನ್ನು ಇಬ್ಬರು ಮೂವರು ಹಂಚಿಕೊಂಡರೆ ಯಾರಿಗೂ ಸಾಕಾಗುವುದಿಲ್ಲ. ವಯಸ್ಸಾದವರಿಗೂ ಕೂಸುಗಳಿಗೂ ಕುತ್ತಿಗೆಯಿಂದ ಕೆಳಗೆ ಅಂತ ನಿಲ್ಲಿಸಬಾರದು, ಕಣ್ಣು ಬಾಯಿ ಬಿಟ್ಟು ಮುಖ, ಕಿವಿಯ ಹಿಂದೆ, ನೆತ್ತಿಗೂ ಹಚ್ಚಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರು. ಎಂಟರಿಂದ ಹದಿನಾಲ್ಕು ಗಂಟೆ ಅದು ಮೈಮೇಲೆ ಇರಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ನಮ್ಮ ಮಗಳು ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಿ ಕೈ ತೊಳೆದು ಬಂದಾಗಲೆಲ್ಲ ಅತ್ತೆ ಟ್ಯೂಬ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು.

ಮೊಟ್ಟೆಗಳೆಲ್ಲ ಒಂದೇ ಸಲಕ್ಕೆ ಸಾಯುತ್ತವೆ ಅನ್ನುವ ಭರವಸೆ ಇಲ್ಲ. ಉಳಿದ ಮೊಟ್ಟೆ ಒಡೆದು ಬರುವ ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡುವ ಮೊದಲೇ ಅದನ್ನು ಹಿಡಿಯಬೇಕು. ವಾರದ ಮೇಲೆ ಎರಡನೇ ಸಲ ಹಚ್ಚುವುದು ಅದಕ್ಕೆ. ತುರಿಕೆ ತಗ್ಗಿತು ಅಂತ ಜನ ಬಿಟ್ಟುಬಿಡುವುದು ಈ ಎರಡನೇ ಸಲವನ್ನೇ.

ಬಟ್ಟೆಬರೆಯ ಬಗ್ಗೆ ಎಲ್ಲರಿಗೂ ಭಯ ಜಾಸ್ತಿ. ನಮ್ಮನೆಯವರು ಹಾಸಿಗೆ ಸುಟ್ಟುಬಿಡೋಣ, ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸೋಣ ಅಂದರು. ಎರಡೂ ಬೇಕಾಗಿಲ್ಲ. ಮನುಷ್ಯರ ಮೈ ಬಿಟ್ಟರೆ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಿಂದಿನ ಮೂರು ದಿನ ತೊಟ್ಟ ಬಟ್ಟೆ, ಟವೆಲ್ಲು, ಬೆಡ್‌ಶೀಟು, ದಿಂಬಿನ ಚೀಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದೆವು. ಒಗೆಯಲಾಗದ ರಜಾಯಿ, ಸ್ವೆಟರುಗಳನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟು ಒಂದು ವಾರ ಮುಟ್ಟಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲ್ಲನ್‌ಬಿ ಅನ್ನುವ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿದ್ದರು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ ಯುವಕರು ಸ್ವಇಚ್ಛೆಯಿಂದ ಮುಂದೆ ಬಂದು, ಕಜ್ಜಿ ಹಿಡಿದ ಸೈನಿಕರು ಬಿಚ್ಚಿಟ್ಟ ಒಳಬಟ್ಟೆ ತೊಟ್ಟರು, ಅವರು ಹೊದ್ದ ಕಂಬಳಿಯಲ್ಲಿ ಮಲಗಿದರು. ಕಜ್ಜಿ ಹತ್ತಿದ್ದು ಬೆರಳೆಣಿಕೆಯಷ್ಟು ಮಂದಿಗೆ. ಮೈಗೆ ಮೈ ತಾಗಿ ಬಹಳ ಹೊತ್ತು ಇರುವುದೇ ಇದು ಹರಡುವ ಮುಖ್ಯ ದಾರಿ ಅಂತ ಅವರ ಕೆಲಸದಿಂದ ಗಟ್ಟಿಯಾಯಿತು. ಆ ಯುವಕರ ಬಗ್ಗೆ ಓದಿದಾಗ ನನಗೆ ಮನಸ್ಸು ತುಂಬಿ ಬಂತು. ತಮಗೆ ಯಾವ ಲಾಭವೂ ಇಲ್ಲದೆ, ಕಜ್ಜಿ ಹತ್ತಿದರೆ ತಿಂಗಳುಗಟ್ಟಲೆ ಕೆರೆದುಕೊಳ್ಳಲೂ ತಯಾರಾಗಿ ಬಂದವರು ಅವರು.

ಸ್ನಾನ ಮಾಡದವರಿಗೆ, ಕೊಳಕಾಗಿರುವವರಿಗೆ ಕಜ್ಜಿ ಬರುತ್ತದೆ ಅನ್ನುವುದು ಸುಳ್ಳು. ಚರ್ಮದ ಒಳಗೆ ಕೂತದ್ದನ್ನು ಸೋಪು ತೆಗೆಯಲಾರದು. ದಿನಕ್ಕೆ ಎರಡು ಸಲ ಸ್ನಾನ ಮಾಡುವ ಮನೆಗೂ ಬರುತ್ತದೆ. ಬೀದಿನಾಯಿಯಿಂದ ಬಂತು ಅನ್ನುವುದೂ ಅಷ್ಟೇ. ನಾಯಿಯ ನುಸಿ ಬೇರೆ, ಅದು ನಮ್ಮ ಮೈಮೇಲೆ ಸ್ವಲ್ಪ ದಿನ ಕೆರೆತ ಕೊಟ್ಟು ತಾನೇ ಹೋಗುತ್ತದೆ, ಸಂಸಾರ ಹೂಡುವುದಿಲ್ಲ. ಆದರೂ ಈ ಎರಡು ನಂಬಿಕೆ ಬೆನ್ನಿಗೆ ಅಂಟಿಕೊಂಡಿರುವುದರಿಂದಲೇ ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ಮನೆಗೆ ಪಾತ್ರೆ ಬಟ್ಟೆಗೆ ಬರುವ ಗೌರಮ್ಮನ ವಿಷಯದಲ್ಲಿ ಇದು ನನಗೆ ಚೆನ್ನಾಗಿ ತಿಳಿಯಿತು. ಡಾಕ್ಟರ ಹೆಸರು ಎತ್ತಿದ ಕೂಡಲೇ ಮನೆಯಲ್ಲಿ ಬಂದ ಮೊದಲ ಮಾತು "ಅವಳಿಂದಲೇ ಬಂದಿರಬೇಕು" ಅಂತ. ಲೆಕ್ಕ ಹಾಕಿ ನೋಡಿದರೆ ಅದು ಸಾಧ್ಯವೇ ಇರಲಿಲ್ಲ. ತುರಿಕೆ ಮೊದಲು ಬಂದದ್ದು ಸುಮಂತನಿಗೆ, ಆಮೇಲೆ ಅವನ ಪಕ್ಕ ಮಲಗುವ ಮಗಳಿಗೆ, ಅದಾದ ಮೇಲೆ ಅವಳನ್ನು ಶಾಲೆಯಿಂದ ಬಂದ ಹೊತ್ತಿನಿಂದ ನಾನು ಬರುವವರೆಗೆ ತೊಡೆಯ ಮೇಲೆ ಮಲಗಿಸಿಕೊಂಡು ನೋಡಿಕೊಳ್ಳುವ ಗೌರಮ್ಮನಿಗೆ. ಕೊಟ್ಟದ್ದು ನಾವು. ಆಕೆ ಹತ್ತಿರ ಕೇಳಿದರೆ, ತೋಳು ಸೆರಗಿನಲ್ಲಿ ಮುಚ್ಚಿಕೊಂಡು, "ಅಕ್ಕ, ಕೆಲಸ ಬಿಡಿಸ್ತೀರ ಅಂತ ಹೇಳ್ಲಿಲ್ಲ" ಅಂದಳು. ಅವಳು ಕೆಲಸ ಮಾಡುವ ಇನ್ನೊಂದು ಮನೆಯಲ್ಲಿ ಕೈಯ ಗುಳ್ಳೆ ನೋಡಿ ನಾಳೆಯಿಂದ ಬರಬೇಡ ಅಂದಿದ್ದರು. ಹೇಳಿದರೆ ಹೊಟ್ಟೆಗೆ ಹೊಡೆತ ಬೀಳುತ್ತದೆ ಅನ್ನುವ ಮಂದಿ ಹೇಳದೆ ಇರುವುದರಲ್ಲಿ ನಾನು ಯಾವ ತಪ್ಪೂ ಕಾಣೆ.

ಅವಳ ಮನೆಯಲ್ಲಿ ಆರು ಜನ, ಒಂದೇ ಕೋಣೆ. ಆರು ಜನರಿಗೆ ಎರಡು ಸಲಕ್ಕೆ ಆಗುವಷ್ಟು ಟ್ಯೂಬ್ ಕೊಳ್ಳುವುದು ಅವಳ ತಿಂಗಳ ಲೆಕ್ಕವನ್ನೇ ಬುಡಮೇಲು ಮಾಡುವ ಖರ್ಚು. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಮಾರ್ಕೆಟ್ಟಿನಲ್ಲಿ ಇಳಿದರೆ ವಿಕ್ಟೋರಿಯಾ ಹತ್ತಿರವೇ. ಬೆಳಿಗ್ಗೆ ಬೇಗ ಹೋಗಿ ಸಾಲು ಹಿಡಿಯಬೇಕು. ಅವಳು ಮಕ್ಕಳನ್ನೂ ಗಂಡನನ್ನೂ ಎಳೆದುಕೊಂಡು ಹೋದಳು. ಅವಳ ಕಿರಿಮಗನಿಗೆ ಕೆರೆದು ಕೆರೆದು ಗುಳ್ಳೆಗಳಲ್ಲಿ ಕೀವು ತುಂಬಿತ್ತು. ಕಜ್ಜಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅನ್ನುವುದಕ್ಕೆ ದೊಡ್ಡ ಕಾರಣ ಇದೇ. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಸೇರಿದರೆ, ಮಕ್ಕಳಲ್ಲಿ ಒಮ್ಮೊಮ್ಮೆ ಕಿಡ್ನಿಗೆ ಉರಿಯೂತ ಬರುತ್ತದೆ. ಮುಖ ಊದುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಹುಡುಗನಿಗೆ ಮೊದಲು ಕೀವಿಗೆ ಔಷಧಿ ಕೊಟ್ಟು, ಮುಲಾಮನ್ನೂ ಕೊಟ್ಟರು. ಗೌರಮ್ಮನ ಮನೆಯವರು ಹಚ್ಚಿದ್ದೂ ನಾವು ಎರಡನೇ ಸಲ ಹಚ್ಚಿದ್ದೂ ಒಂದೇ ರಾತ್ರಿ. ಹಾಗೆ ಮಾಡೋಣ ಅಂತ ಇಬ್ಬರೂ ಮಾತಾಡಿಕೊಂಡೇ ಮಾಡಿದ್ದು.

ಮುಲಾಮು ಹಚ್ಚಿ ಆದ ಮೇಲಿನ ದಿನಗಳು ಮನಸ್ಸಿಗೆ ಕಷ್ಟದವು. ನುಸಿ ಸತ್ತರೂ ಅದರ ಕಸ ಚರ್ಮದಲ್ಲೇ ಇರುತ್ತದೆ, ಮೇಲ್ಪದರ ಉದುರಿ ಹೊಸದು ಬರುವವರೆಗೆ ಅಲರ್ಜಿ ಇಳಿಯುವುದಿಲ್ಲ. ಎರಡರಿಂದ ನಾಲ್ಕು ವಾರ ತುರಿಕೆ ಇದ್ದೇ ಇರುತ್ತದೆ. ಸುಮಂತ ದಿನಾ ಫೋನು ಮಾಡಿ "ಚಿಕ್ಕಮ್ಮ, ಇನ್ನೂ ಹೋಗಿಲ್ಲ, ಮತ್ತೆ ಹಚ್ಚಲಾ?" ಅನ್ನುತ್ತಿದ್ದ. ಹಚ್ಚಬಾರದು. ಮೇಲಿಂದ ಮೇಲೆ ಹಚ್ಚಿದರೆ ಮುಲಾಮಿನಿಂದಲೇ ಚರ್ಮ ಒಣಗಿ ಉರಿದು ಹೊಸ ತುರಿಕೆ ಶುರುವಾಗುತ್ತದೆ, ಅದನ್ನು ಹಳೆಯ ಕಜ್ಜಿ ಅಂದುಕೊಂಡು ಮತ್ತೆ ಹಚ್ಚುವುದು. ಡಾಕ್ಟರು ರಾತ್ರಿಗೆ ಸೆಟ್ರಿಜಿನ್ ಮಾತ್ರೆ ಕೊಟ್ಟರು. ಉಗುರುಬೆಚ್ಚಗಿನ ನೀರು, ಕಡಿಮೆ ಸೋಪು, ಸ್ನಾನ ಆದ ಕೂಡಲೇ ಮೈ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್. ತಿಂಗಳು ಕಳೆದರೂ ತಗ್ಗದಿದ್ದರೆ, ಅಥವಾ ಹೊಸ ಗೆರೆ, ಹೊಸ ಗುಳ್ಳೆ ಕಂಡರೆ ಮಾತ್ರ ಮತ್ತೆ ತೋರಿಸಿ ಅಂದಿದ್ದರು. ಹಾಗೆ ಆದವರಿಗೆ ಐವರ್‌ಮೆಕ್ಟಿನ್ ಮಾತ್ರೆಯೂ ಇದೆ, ತೂಕ ನೋಡಿ ಡಾಕ್ಟರೇ ಕೊಡಬೇಕಾದದ್ದು. ಗರ್ಭಿಣಿಯರಿಗೂ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ.

ಆ ಐವರ್‌ಮೆಕ್ಟಿನ್ ಇಟ್ಟುಕೊಂಡು ಫಿಜಿ ದ್ವೀಪಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು, 2015ರಲ್ಲಿ ಅದರ ಫಲಿತಾಂಶ ಬಂತು. ಒಂದು ಕಡೆ ಕಜ್ಜಿ ಇದ್ದವರಿಗೂ ಅವರ ಒಡನಾಟದವರಿಗೂ ಮಾತ್ರ ಮುಲಾಮು ಕೊಟ್ಟರು. ಇನ್ನೊಂದು ಕಡೆ ತುರಿಕೆ ಇರಲಿ ಬಿಡಲಿ, ಊರಿಗೆ ಊರಿಗೇ ಮುಲಾಮು ಕೊಟ್ಟರು. ಮೂರನೆಯ ಕಡೆ ಊರಿಗೆಲ್ಲ ಮಾತ್ರೆ. ಒಂದು ವರ್ಷದ ಮೇಲೆ ನೋಡಿದರೆ ಮೊದಲ ಕಡೆ ಕಜ್ಜಿ ಸುಮಾರು ಅರ್ಧಕ್ಕೆ ಇಳಿದಿತ್ತು. ಊರಿಗೆಲ್ಲ ಮುಲಾಮು ಕೊಟ್ಟ ಕಡೆ ಅದಕ್ಕಿಂತ ಹೆಚ್ಚು ಇಳಿದಿತ್ತು. ಮಾತ್ರೆ ಕೊಟ್ಟ ಕಡೆ ನೂರಕ್ಕೆ 32 ಇದ್ದದ್ದು 2ರ ಹತ್ತಿರಕ್ಕೆ ಬಂದಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ನಾನು ಈ ಲೆಕ್ಕ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬಿಟಿಎಂ ಲೇಔಟಿನ ಆ ಪಿಜಿ. ಐದು ಮಹಡಿ, ಮಹಡಿಗೆ ಆರೇಳು ಕೋಣೆ, ಕೋಣೆಗೆ ನಾಲ್ಕು ಮಂಚ, ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟು ಜಾಗ. ಅದೂ ಒಂದು ದ್ವೀಪವೇ.

ಸುಮಂತ ಅಲ್ಲಿ ಹೇಳಲು ತಯಾರಿರಲಿಲ್ಲ. ಚಿಕಿತ್ಸೆ ಆಗಿದೆ, ಸುಮ್ಮನಿದ್ದರೆ ಆಯಿತು ಅನ್ನುತ್ತಿದ್ದ. ನೀನು ಅದೇ ಮಂಚಕ್ಕೆ, ಅದೇ ಮೂವರ ನಡುವೆ ವಾಪಸು ಹೋಗುತ್ತೀಯ, ಇನ್ನೊಂದು ತಿಂಗಳಿಗೆ ಮತ್ತೆ ನನ್ನ ಮಗಳಿಗೆ ತರುತ್ತೀಯ ಅಂದೆ. ಅವನಿಗೆ ನೋವಾಯಿತು, ಆದರೂ ಕೋಣೆಯ ವಾಟ್ಸ್ಯಾಪ್ ಗ್ರೂಪಿಗೆ ಬರೆದ: "ನನಗೆ ಸ್ಕೇಬೀಸ್ ಆಗಿದೆ, ಡಾಕ್ಟರ್ ಕನ್ಫರ್ಮ್ ಮಾಡಿದ್ದಾರೆ. ನಿಮಗೂ ಇರಬಹುದು, ತುರಿಕೆ ಇಲ್ಲದಿದ್ದರೂ ಇರಬಹುದು. ನಾಲ್ಕೂ ಜನ ಒಟ್ಟಿಗೆ ಹೋಗಿ ತೋರಿಸಿ, ಒಂದೇ ರಾತ್ರಿ ಕ್ರೀಮ್ ಹಚ್ಚಬೇಕಂತೆ. ಬೆನ್ನಿಗೆ ನಾನು ಹಚ್ಚಿಕೊಡ್ತೀನಿ." ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲವಂತೆ. ಆಮೇಲೆ ರಾಯಚೂರಿನ ಹುಡುಗ ತನ್ನ ಕೈಯ ಫೋಟೊ ಹಾಕಿದ. ಅವನಿಗೆ ದಸರೆಯಿಂದಲೂ ಇತ್ತು. ಅವನೂ ಅದೇ ಮೂರು ಔಷಧಿಯ ಟ್ಯೂಬನ್ನು ಒಂದಾದ ಮೇಲೊಂದು ಮುಗಿಸಿದ್ದ.

ಪಿಜಿ ನಡೆಸುವವರಿಗೆ ವಿಷಯ ಹೋಯಿತು. ಅವರ ಮೊದಲ ಮಾತು, ಇಬ್ಬರೂ ಈ ವಾರವೇ ಖಾಲಿ ಮಾಡಿ ಅಂತ. ನಾನೇ ಫೋನು ಮಾಡಿ ಮಾತಾಡಿದೆ. ಇವರನ್ನು ಕಳಿಸಿದರೆ ತುರಿಕೆ ಇನ್ನೂ ಶುರುವಾಗದವರು ಅಲ್ಲೇ ಉಳಿಯುತ್ತಾರೆ, ಇವರು ಇನ್ನೊಂದು ಪಿಜಿಗೆ ತೆಗೆದುಕೊಂಡು ಹೋಗುತ್ತಾರೆ, ನಿಮ್ಮ ಕಟ್ಟಡದವರೆಲ್ಲ ಇನ್ನು ಮುಂದೆ ಮುಚ್ಚಿಡುವುದನ್ನು ಕಲಿಯುತ್ತಾರೆ ಅಂದೆ. ಮೊದಲ ಹಚ್ಚುವಿಕೆ ಆದ ಮಾರನೇ ದಿನದಿಂದ ಶಾಲೆಗೆ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಬರೆದುಕೊಟ್ಟ ಚೀಟಿಯ ಫೋಟೊ ಕಳಿಸಿದೆ. ಮಗಳ ಕ್ಲಾಸ್ ಟೀಚರಿಗೂ ಅದೇ ಚೀಟಿ ಕೊಟ್ಟು ಹೇಳಿದ್ದೆ, ಅವರು ಬಹಳ ಸಮಾಧಾನದಿಂದ ಕೇಳಿ ಬೇರೆ ಪೋಷಕರಿಗೂ ಮಗಳ ಹೆಸರು ಹೇಳದೆ ತಿಳಿಸಿದ್ದರು. ಪಿಜಿಯವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಆ ಕೋಣೆಯವರು ಇರಲಿ, ಬೆಡ್‌ಶೀಟುಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆಸುತ್ತೇನೆ ಅಂದರು. ಕೋಣೆಗೆ ಹೊಸಬರು ಬರುವಾಗ ಹಾಸಿಗೆಯ ಹೊದಿಕೆ ಬದಲಿಸುವುದು, ಯಾರಿಗೆ ರಾತ್ರಿ ತುರಿಕೆ ಇದ್ದರೂ ಹೆದರದೆ ಹೇಳಿ, ಖಾಲಿ ಮಾಡಿಸುವುದಿಲ್ಲ ಅಂತ ಊಟದ ಹಾಲಿನಲ್ಲಿ ಒಂದು ಹಾಳೆ ಅಂಟಿಸುವುದು, ಇಷ್ಟನ್ನು ಈ ನಗರದ ಪ್ರತಿ ಪಿಜಿಯವರೂ ಮಾಡಬೇಕು ಅಂತ ನನ್ನ ಆಸೆ. ಖರ್ಚು ಕೂಡ ಏನೂ ಇಲ್ಲ.

ಈಗ ಆ ಕಟ್ಟಡದಲ್ಲಿ ಯಾರಿಗೆ ಕೆರೆದರೂ ಸುಮಂತನ ಹತ್ತಿರ ಬರುತ್ತಾರಂತೆ, ಯಾವ ಕ್ರೀಮ್ ಅಂತ ಹೇಳು ಸಾಕು, ನಾವೇ ತಂದುಕೊಳ್ಳುತ್ತೇವೆ ಅಂತ. ಅವನು ಹೆಸರು ಹೇಳುವುದಿಲ್ಲ, ಡಾಕ್ಟರಿಗೆ ತೋರಿಸಿ ಅನ್ನುತ್ತಾನೆ. ಮೇಲಿನ ಮಹಡಿಯ ಒಬ್ಬ ಹುಡುಗನಿಗೆ ಅದು ಸಿಟ್ಟು ತರಿಸಿತ್ತು. ಬೈದುಕೊಂಡೇ ಹೋದ. ಅವನ ಸೊಂಟದಲ್ಲಿದ್ದದ್ದು ಹುಳುಕಡ್ಡಿ. ಅಂಚು ಕೆಂಪಗೆ ಎದ್ದು ನಡುವೆ ತಿಳಿಯಾದ ಉಂಗುರ, ಫಂಗಸ್ಸಿನದು. ಅದಕ್ಕೆ ಪರ್ಮೆಥ್ರಿನ್ ಎಷ್ಟು ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ಅವನಿಗೆ ಬೇರೆ ಮುಲಾಮು ಬರೆದುಕೊಟ್ಟಿದ್ದಾರೆ, ವಾರಗಟ್ಟಲೆ ದಿನಾ ಹಚ್ಚಬೇಕಾದದ್ದು.